ಬಿಳಿ ಸೀರೆಯ ಅಳತೆ


*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ಕಳೆದ ಭಾನುವಾರದ ಅಧ್ಯಯನ ಕೂಟದಲ್ಲಿ ನಾನೊಂದು ಮಾತಾಡಿ ಬೈಸಿಕೊಂಡೆ. ಬೈದದ್ದು ಸರಿಯಾಗಿಯೇ ಇತ್ತು ಅನ್ನುವುದು ಮನೆಗೆ ಬಂದು ಎರಡು ರಾತ್ರಿ ಯೋಚಿಸಿದ ಮೇಲೆ ತಿಳಿಯಿತು. ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ಆ ದಿನ ಬಾರದವರಿಗೂ ಗೊತ್ತಾಗಲಿ ಎಂದು ಅದನ್ನೇ ಬರೆಯುತ್ತೇನೆ. ಸ್ವಲ್ಪ ಉದ್ದವಾಗಬಹುದು, ಬಿಡುವಾದಾಗ ಓದಿ.

ವಿಷಯ ಇದು. ಅಕ್ಟೋಬರ್ 14ರ ಧಮ್ಮ ದೀಕ್ಷಾ ದಿನಕ್ಕೆ ನಮ್ಮ ಕೂಟದ 11 ಜನ ಹೆಣ್ಣುಮಕ್ಕಳು ಒಂದೇ ಥರದ ಬಿಳಿ ಸೀರೆ ಉಟ್ಟು ವಿಹಾರಕ್ಕೆ ಬರಬೇಕೆಂದು ಮಾತಾಡಿಕೊಂಡಿದ್ದರು. ಟಿ.ವಿ.ಯ ಶಾಪಿಂಗ್ ಚಾನೆಲ್ಲೊಂದರಲ್ಲಿ ಅಂಥದ್ದೇ ಸೀರೆ ತೋರಿಸಿದರು. ಬಿಳಿ ಒಡಲು, ಎರಡು ಬೆರಳಗಲ ನೀಲಿ ಅಂಚು. ಪ್ಯೂರ್ ಕಾಟನ್ ಎಂದರು. ಬ್ಲೌಸ್ ಪೀಸ್ ಸೇರಿ 6.3 ಮೀಟರ್ ಎಂದರು. ಇನ್ನು ಹತ್ತೇ ನಿಮಿಷ, ಆಮೇಲೆ ಈ ರೇಟಿಗೆ ಸಿಗಲ್ಲ ಎಂದರು. ಒಂದಕ್ಕೆ 449 ರೂಪಾಯಿ. ಮನೆಗೆಲಸಕ್ಕೆ ಹೋಗುವವರು, ಪೌರಕಾರ್ಮಿಕರು, ಗಾರ್ಮೆಂಟ್ಸ್‌ಗೆ ಹೋಗುವವರು, ಒಬ್ಬ ಅಂಗನವಾಡಿ ಸಹಾಯಕಿ, ಎಲ್ಲರೂ ಹಣ ಕೂಡಿಸಿ ಫೋನ್ ಮಾಡಿದರು.

10ನೇ ತಾರೀಕು ಪಾರ್ಸೆಲ್ ಬಂತು. ತಂದ ಹುಡುಗ ವಿಳಾಸದಲ್ಲಿ ನಮ್ಮ ಬಡಾವಣೆಯ ಹೆಸರು ನೋಡಿ ಒಳಗೆ ಬರಲಿಲ್ಲ, ಮೇನ್ ರೋಡಿಗೇ ಬಂದು ತಗೊಳ್ಳಿ ಎಂದ. ದುಡ್ಡು ಕೊಟ್ಟ ಮೇಲೆಯೇ ಬಿಚ್ಚಬೇಕು ಎಂದ. ಕೊಟ್ಟರು, ಬಿಚ್ಚಿದರು. ಕಿಟಕಿಗೆ ಅಡ್ಡ ಹಿಡಿದರೆ ಕಿಟಕಿಯ ಸರಳುಗಳನ್ನು ಎಣಿಸಬಹುದಿತ್ತು. ಟೇಪ್ ಹಿಡಿದರೆ ಬ್ಲೌಸ್ ಪೀಸೂ ಸೇರಿ ಐದು ಮೀಟರಿಗೆ ನಾಲ್ಕು ಬೆರಳು ಕಮ್ಮಿ. ಅದಕ್ಕಿಂತ ಕೆಟ್ಟದ್ದು ಅಗಲ. ಸೀರೆ ಎಂದರೆ 45 ಇಂಚಾದರೂ ಅಗಲ ಬೇಕು. ಇದು 40 ಕೂಡ ಇಲ್ಲ. ಸ್ವಲ್ಪ ಎತ್ತರದವರು ಉಟ್ಟರೆ ಕಣಕಾಲಿನ ಮೇಲೆ ಅರ್ಧ ಗೇಣು ಎತ್ತರದಲ್ಲಿ ನಿಲ್ಲುತ್ತಿತ್ತು. ನೀಲಿ ಅಂಚು ನೇಯ್ದದ್ದಲ್ಲ, ಅಚ್ಚು ಹಾಕಿದ್ದು. ಒದ್ದೆ ಕೈಯಲ್ಲಿ ಮುಟ್ಟಿದರೆ ಬೆರಳಿಗೆ ಬಣ್ಣ.

ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ ಮಾಡುವ ತಂಗಿ ಸೀರೆಯ ತುದಿಯಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿದಳು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉದುರಬೇಕು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಇದು ಕರಗಿ, ಮುದುರಿ, ತುದಿಯಲ್ಲಿ ಗಟ್ಟಿ ಮಣಿಯಾಯಿತು. ಪಾಲಿಯೆಸ್ಟರ್. “ನಮ್ಮ ಲೈನಲ್ಲಿ ಇಂಥ ಪೀಸ್ ಬಂದಿದ್ರೆ ಆಲ್ಟರ್‌ಗೂ ಕಳಿಸ್ತಿರಲಿಲ್ಲ, ನೇರ ರಿಜೆಕ್ಟು” ಎಂದಳಂತೆ.

ಈ ಕಥೆಯನ್ನು ನಾನು ಕೇಳಿದ್ದು ಕಳೆದ ಭಾನುವಾರ. ಆವತ್ತು ನಾವು ಓದುತ್ತಿದ್ದದ್ದು ಎರಡನೆಯ ಆರ್ಯಸತ್ಯ, ದುಃಖದ ಕಾರಣ. ಹೆಣ್ಣುಮಕ್ಕಳು ಸೀರೆ ವಿಷಯ ಎತ್ತಿ ಸಿಟ್ಟು ಮಾಡಿಕೊಳ್ಳುತ್ತಿದ್ದರು. ಪಾಠಕ್ಕೆ ಒಳ್ಳೆ ಉದಾಹರಣೆ ಸಿಕ್ಕಿತೆಂದು ನನಗೆ ಖುಷಿಯಾಯಿತು. ಮೂವತ್ತು ವರ್ಷ ಮೇಷ್ಟ್ರ ಕೆಲಸ ಮಾಡಿದ ಚಾಳಿ. “ನೋಡಿ, ದುಃಖಕ್ಕೆ ತಣ್ಹಾನೇ ಮೂಲ. ಸೀರೆ ಮೇಲಿನ ಆಸೆ ಬಿಟ್ಟರೆ ಸೀರೆಯಿಂದ ಬಂದ ದುಃಖವೂ ಹೋಗುತ್ತೆ” ಎಂದೆ.

ಗೋಡೆಗೆ ಒರಗಿ ಕೂತಿದ್ದ ನಮ್ಮ ದೊಡ್ಡಮ್ಮ, ಕೂಟದಲ್ಲಿ ಎಲ್ಲರಿಗಿಂತ ಹಿರಿಯರು, ಎದ್ದು ಕೂತರು. “ಮೇಷ್ಟ್ರೇ, ನಿಮ್ಮ ಪ್ಯಾಂಟು ಮೊಣಕಾಲಿಗೇ ನಿಂತಿದ್ರೆ ಹಿಂಗೇ ಪಾಠ ಹೇಳ್ತಿದ್ರಾ? ನಮ್ಮವ್ವ ಮೊಣಕಾಲ ಮ್ಯಾಲೇ ಉಡ್ಬೇಕಾಗಿತ್ತು, ಕೆಳಗೆ ಇಳಿಸಿದ್ರೆ ಊರೋರು ಕೇಳೋರು. ನಾನು ಉದ್ದ ಸೀರೆ ಕೇಳಿದ್ದು ಆಸೆಗಲ್ಲ. 14ನೇ ತಾರೀಕು ಇವ್ಳು ಯಾಕೆ ಬರ್ಲಿಲ್ಲ ಗೊತ್ತಾ ನಿಮ್ಗೆ?” ಎಂದು ಪಕ್ಕದಲ್ಲಿದ್ದವಳ ಕಡೆ ತೋರಿಸಿದರು. ಆಕೆಯ ಹತ್ತಿರ ಬೇರೆ ಬಿಳಿ ಸೀರೆ ಇರಲಿಲ್ಲ. ಇದನ್ನು ಉಟ್ಟು ಬಿಸಿಲಿನಲ್ಲಿ ಮೆರವಣಿಗೆಗೆ ನಿಲ್ಲಲು ನಾಚಿಕೆಯಾಗಿ ಮನೆಯಲ್ಲೇ ಉಳಿದಿದ್ದಳು. ಜ್ವರ ಎಂದು ನಮಗೆಲ್ಲ ಹೇಳಿಸಿದ್ದರು.

ನನಗೆ ಮಾತು ಹೊರಡಲಿಲ್ಲ. ಪುಸ್ತಕ ಮಡಚಿದೆ.

ಬಂಧುಗಳೇ, ಮನೆಗೆ ಬಂದು ಮೊದಲು ನೆನಪಾದದ್ದು ಮನುವಿನ ಹತ್ತನೆಯ ಅಧ್ಯಾಯ. ಚಂಡಾಲರು ಹೆಣದ ಮೇಲಿನ ಬಟ್ಟೆಯನ್ನೇ ತೊಡಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು, ಕಬ್ಬಿಣದ ಒಡವೆ ಹಾಕಬೇಕು ಎಂಬ ವಿಧಿ ಅಲ್ಲಿದೆ. ಇನ್ನೊಂದು ಕಡೆ ನೋಡಿ. ಬುದ್ಧನ ಭಿಕ್ಖುಗಳು ಧರಿಸುತ್ತಿದ್ದ ಪಂಸುಕೂಲ ಚೀವರ ಎಂದರೇನು? ತಿಪ್ಪೆಯಲ್ಲಿ, ದಾರಿಯಲ್ಲಿ, ಮಸಣದಲ್ಲಿ ಬಿದ್ದ ಚಿಂದಿಗಳನ್ನು ಆಯ್ದು, ಒಗೆದು, ಬಣ್ಣ ಕಟ್ಟಿ, ಹೊಲಿದುಕೊಂಡ ಬಟ್ಟೆ. ಅಂದರೆ ಅದೂ ಹೆಣದ ಬಟ್ಟೆಯೇ. ಬಟ್ಟೆ ಒಂದೇ ಆದರೂ ಒಬ್ಬನಿಗೆ ಅದು ಬಿಡುಗಡೆ, ಇನ್ನೊಬ್ಬನಿಗೆ ಸಂಕೋಲೆ. ಏಕೆಂದರೆ ರಾಜಕುಮಾರನೋ ಸೆಟ್ಟಿಯ ಮಗನೋ ರೇಷ್ಮೆ ಬಿಚ್ಚಿಟ್ಟು ಚಿಂದಿ ಹೊದ್ದುಕೊಂಡಾಗ ಅದು ಅವನ ಆಯ್ಕೆ. ನಮ್ಮ ಹಿರಿಯರಿಗೆ ಬಿಚ್ಚಿಡಲು ಏನಿತ್ತು?

ವಿನಯ ಪಿಟಕದಲ್ಲಿ ಇದಕ್ಕೆ ಒಂದು ಒಳ್ಳೆಯ ಪ್ರಸಂಗವಿದೆ. ವೈದ್ಯ ಜೀವಕ ಬಂದು ಗೃಹಸ್ಥರು ಕೊಟ್ಟ ಬಟ್ಟೆಯನ್ನೂ ಸಂಘ ಸ್ವೀಕರಿಸಲಿ ಎಂದು ಬೇಡುತ್ತಾನೆ. ಬುದ್ಧ ಒಪ್ಪುತ್ತಾನೆ. ಇಷ್ಟವಿದ್ದವರು ಪಂಸುಕೂಲ ಧರಿಸಲಿ, ಇಷ್ಟವಿದ್ದವರು ಗೃಹಸ್ಥರ ವಸ್ತ್ರ ಸ್ವೀಕರಿಸಲಿ ಎನ್ನುತ್ತಾನೆ. ಚಿಂದಿ ಹೊದ್ದವನೇ ದೊಡ್ಡವನು ಎಂದು ಅವನು ವಿಧಿ ಮಾಡಲಿಲ್ಲ. ಬಡತನವನ್ನು ಬುದ್ಧ ಹೊಗಳಲಿಲ್ಲ ಎನ್ನುವುದನ್ನು ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಬಿಡಿಸಿ ಹೇಳಿದ್ದಾರೆ. ನಾನು ಅದನ್ನು ಕೂಟದಲ್ಲಿ ಎಷ್ಟೋ ಸಲ ಓದಿಸಿದ್ದೇನೆ. ಆದರೂ ಆ ಭಾನುವಾರ ನನ್ನ ಬಾಯಲ್ಲಿ ಬಂದದ್ದು ಹಳೆಯ ಮಠದ ಸ್ವಾಮಿಗಳ ಮಾತು. ಇರುವುದರಲ್ಲಿ ತೃಪ್ತಿಪಡು ಎಂದು ಇಲ್ಲದವರಿಗೆ ಹೇಳುವ ಮಾತು.

ಬಟ್ಟೆ ಎನ್ನುವುದು ನಮ್ಮ ಜನಕ್ಕೆ ಬರೀ ಬಟ್ಟೆಯಾಗಿ ಎಂದೂ ಇರಲಿಲ್ಲ. ‘ಜಾತಿ ವಿನಾಶ’ದಲ್ಲಿ ಬಾಬಾಸಾಹೇಬರು 1928ರ ಇಂದೋರ್ ಕಡೆಯ ಬಲಾಯಿಗಳ ಸಂಗತಿ ಕೊಡುತ್ತಾರೆ. ಮೇಲ್ಜಾತಿಯವರು ಹೊರಡಿಸಿದ ಕಟ್ಟಳೆಗಳ ಪಟ್ಟಿ ಅದು. ಜರಿ ಅಂಚಿನ ಪೇಟ ಸುತ್ತಬಾರದು. ಬಣ್ಣದಂಚಿನ ಧೋತಿ ಉಡಬಾರದು. ಹೆಂಗಸರು ಚಿನ್ನ ಬೆಳ್ಳಿ ಹಾಕಬಾರದು, ಅಂದದ ರವಿಕೆ ಲಂಗ ತೊಡಬಾರದು. ಒಪ್ಪದಿದ್ದರೆ ಊರು ಬಿಡಬೇಕು. ಬಲಾಯಿಗಳು ಒಪ್ಪಲಿಲ್ಲ, ಅದಕ್ಕಾಗಿ ಪಟ್ಟ ಪಾಡೂ ಅಲ್ಲೇ ಇದೆ. ಒಂದು ಅಂಚಿನ ಬಣ್ಣಕ್ಕೆ ಮನೆ ಮಠ ಕಳೆದುಕೊಂಡವರನ್ನು ಶೋಕಿ ಮಾಡಿದವರು ಎನ್ನಲಾಗುತ್ತದೆಯೇ?

ಅದಕ್ಕೆ ಸ್ವಲ್ಪ ಮೊದಲು, 1927ರ ಡಿಸೆಂಬರ್‌ನಲ್ಲಿ, ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟ ಆ ಸಮ್ಮೇಳನದಲ್ಲೇ ಬಾಬಾಸಾಹೇಬರು ಹೆಣ್ಣುಮಕ್ಕಳನ್ನು ಬೇರೆ ಕೂರಿಸಿಕೊಂಡು ಮಾತಾಡಿದರು. ಅಸ್ಪೃಶ್ಯರೆಂದು ಗುರುತು ಹಿಡಿಯುವಂಥ ಉಡುಗೆಯನ್ನು ಬಿಡಿ, ಮೇಲ್ಜಾತಿ ಹೆಂಗಸರಂತೆ ಸೀರೆಯನ್ನು ಉದ್ದಕ್ಕೆ ಇಳಿಬಿಟ್ಟು ಉಡಿ ಎಂದರು. ಹರಿದಿದ್ದರೂ ಪರವಾಗಿಲ್ಲ, ಶುಭ್ರವಾಗಿರಲಿ ಎಂದರು. ಮೈತುಂಬ ಹೇರಿಕೊಂಡ ಲೋಹದ ಒಡವೆಗಳನ್ನು ತೆಗೆದುಹಾಕಿ ಎಂದರು. ಈ ಮೂರು ಮಾತನ್ನು ಒಟ್ಟಿಗೆ ಇಟ್ಟುಕೊಂಡು ನೋಡಿ. ಬೆಲೆಬಾಳುವುದನ್ನು ಉಡಿ ಎಂದು ಅವರು ಹೇಳಲಿಲ್ಲ. ಥಳಕು ಬೇಡ ಎಂದೇ ಹೇಳಿದರು. ಆದರೆ ಸೀರೆಯ ಉದ್ದದ ವಿಷಯದಲ್ಲಿ ಮಾತ್ರ ರಾಜಿ ಇಲ್ಲ.

ದೊಡ್ಡಮ್ಮನಿಗೆ ಈ ಭಾಷಣ ಗೊತ್ತಿಲ್ಲ, ಅಕ್ಷರ ಕಲಿತದ್ದೇ ಅರವತ್ತರ ಮೇಲೆ. ಆದರೂ ಟೇಪ್ ಹಿಡಿದಾಗ ಅವರಿಗೆ ಮೊದಲು ಕಂಡದ್ದು ಅದೇ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಬಿಳಿ ಉಟ್ಟು ಬಂದಿದ್ದರು, ಬಾಬಾಸಾಹೇಬರೂ ಬಿಳಿಯಲ್ಲೇ ಇದ್ದರು. ಪಾಲಿ ಗ್ರಂಥಗಳಲ್ಲಿ ಗೃಹಸ್ಥ ಉಪಾಸಕರಿಗೆ ಓದಾತವಸನರು, ಬಿಳಿ ಉಟ್ಟವರು ಎಂದೇ ಹೆಸರು. ಹೆಣದ ಬಟ್ಟೆಯಿಂದ ಬಿಳಿ ಬಟ್ಟೆಗೆ ಬಂದ ದಿನ ಅದು. ಆ ದಿನಕ್ಕೆ ಕೇಳಿದ ಸೀರೆ ಮೈ ಮುಚ್ಚದಿದ್ದರೆ ಸಿಟ್ಟು ಬರದೆ ಇನ್ನೇನು ಬರಬೇಕು?

ಇನ್ನು ತಣ್ಹಾದ ಪ್ರಶ್ನೆ. ಅದನ್ನು ಹಾಗೇ ಬಿಟ್ಟು ಹೋಗಲು ಮನಸ್ಸಾಗುತ್ತಿಲ್ಲ. ಭಿಕ್ಖುಗಳು ಚೀವರ ಧರಿಸುವಾಗ ಪ್ರತಿದಿನ ಮನಸ್ಸಿನಲ್ಲಿ ನೆನೆಯಬೇಕಾದ ಒಂದು ಪರಿಶೀಲನೆ ಇದೆ. ಈ ಬಟ್ಟೆ ಏತಕ್ಕೆ ಎಂದು ಕೇಳಿಕೊಳ್ಳುವುದು. ಚಳಿ ತಡೆಯಲು, ಬಿಸಿಲು ಗಾಳಿ ತಡೆಯಲು, ಸೊಳ್ಳೆ ನೊಣ ಹಾವು ಚೇಳಿನಿಂದ ಕಾಪಾಡಿಕೊಳ್ಳಲು, ಮಾನ ಮುಚ್ಚಲು. ಅಷ್ಟೇ. ಸರ್ವಸಂಗ ಪರಿತ್ಯಾಗಿಗೆ ಇಟ್ಟ ಅಳತೆ ಇದು, ಇದಕ್ಕಿಂತ ಕಮ್ಮಿ ಅಳತೆ ಧಮ್ಮದಲ್ಲಿ ಇಲ್ಲ. ಆ 449 ರೂಪಾಯಿಯ ಸೀರೆಯನ್ನು ಈ ತಕ್ಕಡಿಗೆ ಹಾಕಿ. ಚಳಿಗೆ ಆಗದು. ಬಿಸಿಲಿಗೆ ಪಾಲಿಯೆಸ್ಟರ್ ಮೈಗಂಟಿ ಬೆವರುತ್ತದೆ. ಮಾನ ಮುಚ್ಚುವುದಂತೂ ಇಲ್ಲವೇ ಇಲ್ಲ. ಆಸೆಯನ್ನೆಲ್ಲ ಕಳಚಿಟ್ಟ ಭಿಕ್ಖುಣಿಯೂ ಅದನ್ನು ಬಟ್ಟೆ ಎಂದು ಒಪ್ಪುತ್ತಿರಲಿಲ್ಲ. ಹಾಗಾಗಿ ಈ ಸಿಟ್ಟನ್ನು ತಣ್ಹಾದ ಲೆಕ್ಕಕ್ಕೆ ಬರೆದದ್ದು ನನ್ನ ತಪ್ಪು.

ಹಾಗಾದರೆ ಇಲ್ಲಿ ತಣ್ಹಾ ಇಲ್ಲವೇ ಇಲ್ಲವೇ? ಇದೆ, ಧಾರಾಳವಾಗಿ ಇದೆ. ಅದನ್ನು ಹುಟ್ಟಿಸುವುದೇ ಅವರ ಕಸುಬು. ನಮ್ಮ ದೇಶದಲ್ಲಿ 24 ಗಂಟೆಯೂ ಬರೀ ಮಾರಾಟ ಮಾಡುವ ಚಾನೆಲ್ ಬಂದದ್ದು 2008ರಲ್ಲಿ. ಈಗ ಕನ್ನಡದಲ್ಲೇ ಮಾತಾಡುತ್ತಾರೆ, ತುಟಿ ಹಿಂದಿಗೆ ಆಡುತ್ತದೆ, ಧ್ವನಿ ಕನ್ನಡಕ್ಕೆ. ರಾತ್ರಿ ಒಮ್ಮೆ ನಿದ್ದೆ ಬಾರದೆ ಕೂತು ಪೂರ್ತಿ ನೋಡಿದೆ. ಮೂಲೆಯಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತಿರುತ್ತದೆ. ಉಳಿದ ಸೀರೆಗಳ ಸಂಖ್ಯೆ ಇಳಿಯುತ್ತಿರುತ್ತದೆ. ಸೀರೆ ಉಟ್ಟ ಹುಡುಗಿ ತಿರುಗುವುದೇ ಇಲ್ಲ, ಹಿಂದೆ ಪಿನ್ನುಗಳಿರುತ್ತವೆ. ಒಳಗೆ ದಪ್ಪ ಲಂಗ, ಮುಂದೆ ಹಗಲಿನಂಥ ಲೈಟು. ಒಬ್ಬಳಾದರೂ ನಮ್ಮ ಮೈಬಣ್ಣದವಳಿಲ್ಲ. ಹತ್ತು ಸೀರೆಯಲ್ಲಿ ಒಂಬತ್ತಕ್ಕೆ ಕಲ್ಲು, ಮಿಂಚು, ಗಾಜಿನ ಚೂರು. ಗದ್ದೆಗೋ ಆಫೀಸಿಗೋ ಉಟ್ಟು ಹೋಗುವ ಸಾದಾ ಸೀರೆ ಅವರಲ್ಲಿ ಇದ್ದಂತಿಲ್ಲ. ‘ಆರ್ಟ್ ಸಿಲ್ಕ್’ ಎಂದು ಬರೆದಿರುತ್ತಾರೆ, ಕಲೆಯ ರೇಷ್ಮೆಯೇನೋ ಎಂದುಕೊಳ್ಳಬೇಕು ನಾವು. ಆರ್ಟಿಫಿಷಿಯಲ್ ಎನ್ನುವುದನ್ನು ಅರ್ಧಕ್ಕೆ ಕತ್ತರಿಸಿದ್ದು ಅದು. (ಇದನ್ನೆಲ್ಲ ಬರೆಯುವ ನಾನೇ ಮೂರು ವರ್ಷದ ಹಿಂದೆ ಒಂದು ಬೆಡ್‌ಶೀಟ್ ಸೆಟ್ ತರಿಸಿದ್ದೆ. ಮೊದಲ ಒಗೆತಕ್ಕೆ ನೀರೆಲ್ಲ ಕೆಂಪು. ಆಗ ತಣ್ಹಾ ಗಿಣ್ಹಾ ಏನೂ ನೆನಪಾಗಲಿಲ್ಲ, ಫೋನಿನಲ್ಲಿ ಕೂಗಾಡಿದ್ದೆ. ಇದನ್ನು ನನ್ನ ಹೆಂಡತಿ ನೆನಪಿಸಿದಳು.)

ಮಜ್ಝಿಮ ನಿಕಾಯದ ಮಹಾಚತ್ತಾರೀಸಕ ಸುತ್ತದಲ್ಲಿ ಮಿಥ್ಯಾ ಆಜೀವ ಎಂದರೇನು ಎಂದು ಬುದ್ಧ ಪಟ್ಟಿ ಕೊಡುತ್ತಾನೆ. ಮದ್ಯ, ವಿಷ, ಆಯುಧ ಮಾರಬಾರದು ಎನ್ನುವ ಪಟ್ಟಿ ನಮಗೆಲ್ಲ ಬಾಯಿಪಾಠ, ಆದರೆ ಇದು ಬೇರೆ. ಇದರಲ್ಲಿ ಮೊದಲು ಬರುವುದು ಕುಹನಾ, ಅಂದರೆ ಸೋಗು. ಎರಡನೆಯದು ಲಪನಾ, ನಯವಾದ ಮಾತಿನಿಂದ ಒಲಿಸಿಕೊಳ್ಳುವುದು. ಕೊನೆಯದು ಲಾಭ ತೋರಿಸಿ ಲಾಭ ಹೊಡೆಯುವುದು. ಭಿಕ್ಖುಗಳಿಗೆ ಹೇಳಿದ ಸುತ್ತ ನಿಜ. ಆದರೂ ‘ಒಂದು ಕೊಂಡರೆ ಇನ್ನೊಂದು ಉಚಿತ’ ಎಂಬುದಕ್ಕೆ ಎರಡೂವರೆ ಸಾವಿರ ವರ್ಷದ ಹಿಂದೆಯೇ ಹೆಸರಿಟ್ಟಿದ್ದರಲ್ಲ ಎಂದು ಓದುವಾಗ ನಗು ಬಂತು.

ಆದರೆ ಬಂಧುಗಳೇ, ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಮಂಗಳವಾರ ನಾನು ಕ್ಷಮೆ ಕೇಳಲು ದೊಡ್ಡಮ್ಮನ ಮನೆಗೆ ಹೋಗಿದ್ದೆ. ಇನ್ನೂ ಇಬ್ಬರು ಮೂವರು ಅಲ್ಲಿದ್ದರು. “ಊರಲ್ಲಿ ಇಷ್ಟು ಅಂಗಡಿ ಇರುವಾಗ ಟಿ.ವಿ. ನೋಡಿ ಯಾಕಮ್ಮಾ ತರಿಸ್ತೀರಿ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಪೌರಕಾರ್ಮಿಕ ಕೆಲಸ ಮಾಡುವ ಅಕ್ಕ ಹೇಳಿದರು. “ಅಂಗ್ಡಿಗೆ ಹೋದ್ರೆ ಮೆಟ್ಲು ಹತ್ತೋಕ್ ಮುಂಚೆನೇ ಕಮ್ಮಿ ರೇಟಿನ ಗಂಟು ಬಿಚ್ಚಿ ಮುಂದಕ್ಕೆ ಎಸೀತಾರೆ ಸಾ. ಆ ಮೇಲ್ಗಡೆದು ತೋರಿಸಿ ಅಂದ್ರೆ, ಅದರ ರೇಟು ಗೊತ್ತಾ ಅಂತಾರೆ. ಟಿ.ವೀಲಿ ಹಂಗಿಲ್ಲ. ಎಲ್ಲಾರ್ಗೂ ತೋರಿಸಿದ್ದೇ ನಮ್ಗೂ ತೋರಿಸ್ತಾರೆ. ಅಕ್ಕಾ ಅಂತಾರೆ, ಮೇಡಂ ಅಂತಾರೆ.”

ಇನ್ನೊಬ್ಬಳು, ಹೆಸರು ಬೇಡ, ತಾನು ಬಿಳಿ ಸೀರೆಯ ಜೊತೆಗೆ ಐದು ಸೀರೆಯ ಕಾಂಬೋ ಕೂಡ ಗುಟ್ಟಾಗಿ ತರಿಸಿದ್ದೆ ಎಂದು ಒಪ್ಪಿಕೊಂಡಳು. ಎಲ್ಲ ಮಿಂಚಿನವು. ಒಂದನ್ನೂ ಉಡಲಾಗಿಲ್ಲ, ಮೈ ಚುಚ್ಚುತ್ತವೆ. ಯಾಕೆ ತರಿಸಿದೆಯಮ್ಮಾ ಎಂದರೆ, “ಇದನ್ನ ಉಟ್ರೆ ನೀವೂ ರಾಣಿ ಥರ ಕಾಣ್ತೀರಿ ಅಂದ್ಳು ಅವಳು. ನಂಗೆ ಹಂಗೆ ಯಾರೂ ಅಂದಿರ್ಲಿಲ್ಲ” ಎಂದಳು. ಹೇಳಿ ತಾನೇ ನಕ್ಕಳು.

ಇದು ತಣ್ಹಾನಾ? ಸುತ್ತ ಓದಿ ಉತ್ತರ ಹೇಳುವುದಾದರೆ ಹೌದು. ಆದರೆ ನನಗೆ ಹಾಗೆ ಹೇಳಲು ಬಾಯಿ ಬರಲಿಲ್ಲ, ಈಗಲೂ ಬರುವುದಿಲ್ಲ. ಅಂಗಡಿಯವನು ನೋಡುವ ಆ ನೋಟದಿಂದ ತಪ್ಪಿಸಿಕೊಂಡು, ಜಾತಿ ಕೇಳದ ಒಂದು ಬಾಗಿಲು ಸಿಕ್ಕಿತೆಂದು ಹೋದವರು ಇವರು. ಆ ಬಾಗಿಲಲ್ಲಿ ಮರ್ಯಾದೆಯ ಮಾತೇನೋ ಸಿಕ್ಕಿತು, ಮರ್ಯಾದೆಯ ಬಟ್ಟೆ ಸಿಗಲಿಲ್ಲ. ಅಂಗಡಿಯವನು ಮುಖಕ್ಕೆ ಎಸೆದ ಗಂಟನ್ನೇ ಇವರು ಅಕ್ಕಾ ಎಂದು ಕರೆದು ಪ್ಯಾಕ್ ಮಾಡಿ ಕಳಿಸಿದರು. ಎರಡರಲ್ಲಿ ಯಾವುದು ದೊಡ್ಡ ಅವಮಾನ ಎಂದು ನನಗೆ ತೀರ್ಮಾನ ಮಾಡಲಾಗುತ್ತಿಲ್ಲ. ದೊಡ್ಡಮ್ಮನನ್ನು ಕೇಳಿದರೆ “ಎಸೆದೋನು ಬದ್ಮಾಶ್, ಇವ್ನು ಕಳ್ಳ” ಎಂದರು. ಇಬ್ಬರನ್ನೂ ಬಿಡಲಿಲ್ಲ.

ಇನ್ನೊಂದು ಮಾತೂ ಇದೆ, ಅದು ಸ್ವಲ್ಪ ಕಹಿ. ಚೆಕಿಂಗ್ ಕೆಲಸದ ತಂಗಿ ಎತ್ತಿದ್ದು. ಅವಳ ಫ್ಯಾಕ್ಟರಿಯಲ್ಲಿ ಹೊಲಿಯುವುದು ಹೊರದೇಶದವರ ಶರ್ಟು. ಒಂದು ನೂಲು ಎದ್ದಿದ್ದರೂ, ಒಂದು ಗುಂಡಿ ಕೂದಲೆಳೆಯಷ್ಟು ಸರಿದಿದ್ದರೂ ಪೀಸ್ ಪಾಸಾಗುವುದಿಲ್ಲ. ದಿನಕ್ಕೆ ನೂರಾರು ಪೀಸನ್ನು ಬೇರೆಯವರಿಗಾಗಿ ಪರೀಕ್ಷೆ ಮಾಡುವ ಕೈಗೆ ತನಗಾಗಿ ಬಂದ ಒಂದು ಸೀರೆಯನ್ನು ಬಿಚ್ಚಿ ನೋಡಿ ತೆಗೆದುಕೊಳ್ಳುವ ಹಕ್ಕಿರಲಿಲ್ಲ. ಅವಳೇ ಮುಂದುವರಿದು ಹೇಳಿದಳು. “ಸರ್, 449ಕ್ಕೆ ಆರು ಮೀಟರ್ ಕಾಟನ್ ಬರಲ್ಲ ಅಂತ ನಂಗೆ ಗೊತ್ತಿತ್ತು. ನೂಲಿನ ರೇಟು, ಮಗ್ಗದೋರ ಕೂಲಿ, ಅಂಚು, ಸಾಗಾಣೆ. ಲೆಕ್ಕ ಹಾಕಿದ್ರೆ ಬರಲ್ಲ. ಬಂದ್ರೆ ಎಲ್ಲೋ ಯಾರ್ದೋ ಕೂಲಿ ತಿಂದಿರ್ತಾರೆ. ಗೊತ್ತಿದ್ದೂ ದುಡ್ಡು ಕೊಟ್ಟೆ.” ಈ ಮಾತಿಗೆ ನಾನು ಏನೂ ಸೇರಿಸಲಿಲ್ಲ. ಬಡವರು ಅಗ್ಗದ್ದನ್ನು ಹುಡುಕುವುದು ತಪ್ಪಲ್ಲ. ಆದರೆ ಆ ಅಗ್ಗದ ಬೆಲೆಯನ್ನು ಸೂರತ್ತಿನಲ್ಲೋ ಇನ್ನೆಲ್ಲೋ ಪವರ್‌ಲೂಮಿನ ಮುಂದೆ ನಿಂತ ನಮ್ಮಂಥವರೇ ತೆತ್ತಿರುತ್ತಾರೆ ಎಂಬುದು ಅವಳಿಗೆ ಗೊತ್ತಿದ್ದಷ್ಟು ನನಗೆ ಗೊತ್ತಿರಲಿಲ್ಲ.

ಸೀರೆಗಳ ಗತಿ ಏನಾಯಿತು ಎಂದು ಕೇಳುತ್ತೀರಿ. ಚಾನೆಲ್ಲಿನ ನಂಬರಿಗೆ ಹತ್ತು ಸಲ ಫೋನ್ ಮಾಡಿದರೂ ಹಾಡು ಕೇಳಿಸಿತೇ ಹೊರತು ಮನುಷ್ಯರು ಸಿಗಲಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಅವರೇ ಫೋನ್ ಮಾಡಿದರು. ಏಳು ಸೀರೆ ವಾಪಸ್ ಹೋದವು, ಹಣವೂ ಬಂತು, ದೀಕ್ಷಾ ದಿನ ಕಳೆದು ಹದಿನೈದು ದಿನಕ್ಕೆ. ಉಳಿದ ನಾಲ್ಕಕ್ಕೆ ಪ್ಲಾಸ್ಟಿಕ್ ಕವರ್ ಹರಿದಿದೆ ಎಂಬ ನೆಪ ಹೇಳಿ ತೆಗೆದುಕೊಳ್ಳಲಿಲ್ಲ.

ಆ ನಾಲ್ಕನ್ನು ಏನು ಮಾಡುವುದು ಎಂಬ ಮಾತು ಬಂದಾಗ ನಾನು ಆನಂದನ ಕಥೆ ಹೇಳಿದೆ. ಈ ಸಲ ಕೇಳಿಯೇ ಹೇಳಿದೆ. ಕೋಸಂಬಿಯಲ್ಲಿ ಉದೇನ ರಾಜನ ರಾಣಿಯರು ಆನಂದನಿಗೆ 500 ವಸ್ತ್ರ ದಾನ ಮಾಡುತ್ತಾರೆ. ಇಷ್ಟೊಂದು ಏಕೆ, ಈತನೇನು ಬಟ್ಟೆ ಅಂಗಡಿ ಇಡುತ್ತಾನೆಯೇ ಎಂದು ರಾಜನಿಗೆ ಅನುಮಾನ. ಬಂದು ಕೇಳುತ್ತಾನೆ. ಚೀವರ ಹರಿದ ಭಿಕ್ಖುಗಳಿಗೆ ಹಂಚುತ್ತೇನೆ ಎನ್ನುತ್ತಾನೆ ಆನಂದ. ಹಳೆಯದನ್ನು? ಮೇಲುಹಾಸು ಮಾಡುತ್ತೇವೆ. ಹಳೆಯ ಮೇಲುಹಾಸು? ಹಾಸಿಗೆಯ ಗವಸು. ಹಳೆಯ ಗವಸು? ನೆಲಹಾಸು. ಅದು ಹಳತಾದರೆ ಕಾಲೊರೆಸು, ಆಮೇಲೆ ಧೂಳು ಒರೆಸುವ ಅರಿವೆ, ಅದೂ ಹಳತಾದರೆ ಕೊಚ್ಚಿ ಮಣ್ಣಿಗೆ ಕಲಸಿ ನೆಲ ಸಾರಿಸುತ್ತೇವೆ. ರಾಜ ಸಂತೋಷಪಟ್ಟು ಇನ್ನೂ 500 ಕೊಡುತ್ತಾನೆ.

ಗಾರ್ಮೆಂಟ್ಸ್ ತಂಗಿ ಕೇಳಿ, “ಪಾಲಿಯೆಸ್ಟರ್ ಮಣ್ಣಲ್ಲಿ ಕರಗಲ್ಲ ಸರ್” ಎಂದಳು. ನಿಜವೇ. ಆದರೂ ಒಂದು ಸೀರೆ ಅಂಗನವಾಡಿಯಲ್ಲಿ ಮಕ್ಕಳ ಮೇಲೆ ಸೊಳ್ಳೆ ಪರದೆಯಾಗಿದೆ. ಆ ಕೆಲಸಕ್ಕೆ ಅದು ಪ್ರಶಸ್ತವಾಗಿದೆ, ಗಾಳಿ ಬೆಳಕು ಎರಡೂ ಬರುತ್ತವೆ. ಇನ್ನೆರಡು ವಿಹಾರದ ಕಿಟಕಿಗಳಿಗೆ ಪರದೆ.

ನಾಲ್ಕನೆಯದು ದೊಡ್ಡಮ್ಮನದು. ಅವರು ಕೊಡಲಿಲ್ಲ. ಮಡಚಿ, ಹರಿದ ಕವರಿನಲ್ಲೇ ಹಾಕಿ, ಬಿಲ್ಲಿನ ಸಮೇತ ಟ್ರಂಕಿನಲ್ಲಿ ಇಟ್ಟಿದ್ದಾರೆ. “ಸಾಕ್ಷಿ ಬೇಕಲ್ಲ ಮೇಷ್ಟ್ರೇ” ಎಂದರು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕೊಡುವ ದೂರಿಗೆ, ವಸ್ತುವಿನ ಬೆಲೆ ಐದು ಲಕ್ಷದೊಳಗಿದ್ದರೆ, ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ ಎಂದು ಯಾರೋ ಅವರಿಗೆ ಹೇಳಿದ್ದಾರೆ. ಸರಿಯಾಗಿಯೇ ಹೇಳಿದ್ದಾರೆ. 449 ರೂಪಾಯಿಗೆ ಇಷ್ಟೆಲ್ಲ ಯಾಕೆ ದೊಡ್ಡಮ್ಮ ಎಂದು ಅವರ ಮೊಮ್ಮಗ ಕೇಳಿದ. ಅವನಿಗೂ ಬೈಗುಳ ಬಿತ್ತು.

ಬರುವ ಭಾನುವಾರ ಸಂಜೆ 4 ಗಂಟೆಗೆ ಅಧ್ಯಯನಕ್ಕೆ ಮುಂಚೆ ಆ ದೂರು ಬರೆಯಲು ಕೂರುತ್ತೇವೆ. ಬರೆಯುವ ಕೆಲಸ ನನಗೆ ಒಪ್ಪಿಸಿದ್ದಾರೆ, ಒಪ್ಪಿಕೊಂಡಿದ್ದೇನೆ. ಇಂಥದೇ ತಕರಾರು ಇರುವವರು ನಿಮ್ಮ ಬಿಲ್ಲು, ಪಾರ್ಸೆಲ್ ಕವರು ತನ್ನಿ. ಅಳತೆಯ ಟೇಪ್ ಯಾರ ಮನೆಯಲ್ಲಿದ್ದರೂ ಒಂದು ತನ್ನಿ, ನಮ್ಮದರಲ್ಲಿ ಮೊದಲ ಮೂರು ಇಂಚು ಹರಿದುಹೋಗಿದೆ.

ಜೈ ಭೀಮ್.